ಇಟ್ಟುಕೊಳ್ಳುವುದೋ, ಬಳಸುವುದೋ?



ಒಂದು ವಸ್ತುವನ್ನು ಪ್ರೀತಿಸುವುದು ಎಂದರೇನು? ಅದು ಸವೆಯದಂತೆ ಕಾಪಾಡುವುದೇ, ಅಥವಾ ಯಾವ ಕೆಲಸಕ್ಕೆಂದು ಅದನ್ನು ಮಾಡಿದರೋ ಆ ಕೆಲಸವನ್ನು ಅದರಿಂದ ಮಾಡಿಸುವುದೇ? ಈ ಪ್ರಶ್ನೆಯನ್ನು ಇಂದು ಎತ್ತುತ್ತಿರುವುದು ಚಿನ್ನಾಭರಣದ ಬಗ್ಗೆಯಲ್ಲ, ಹಿಟ್ಟು ಕಲಸುವ ಒಂದು ಯಂತ್ರದ ಬಗ್ಗೆ.

ಅಮೆರಿಕದ ಅಡುಗೆಮನೆಗಳಲ್ಲಿ ಸ್ಟ್ಯಾಂಡ್ ಮಿಕ್ಸರ್ ಎಂಬ ಸಾಧನವಿದೆ. ಅಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬಂದವರು ನೋಡಿರುತ್ತೀರಿ. ನಮ್ಮ ಮಿಕ್ಸಿಯಂತೆ ಅದು ಅರೆಯುವುದಿಲ್ಲ. ಗಟ್ಟಿ ಕಾಲಿನ ಮೇಲೆ ಮೋಟಾರು, ಮೋಟಾರಿನಿಂದ ಕೆಳಗಿಳಿದ ಬೀಟರ್, ಅದರಡಿ ಒಂದು ಬಟ್ಟಲು. ಬೆಣ್ಣೆ ಸಕ್ಕರೆ ಕಲಸುವುದು, ಮೊಟ್ಟೆಯ ಬಿಳಿಭಾಗವನ್ನು ನೊರೆ ಬರುವಂತೆ ಕಡೆಯುವುದು, ಬ್ರೆಡ್ಡಿನ ಹಿಟ್ಟು ನಾದುವುದು ಅದರ ಕೆಲಸ. ಒಹಾಯೊ ರಾಜ್ಯದ ಟ್ರಾಯ್ ಊರಿನ ಹೊಬಾರ್ಟ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಹರ್ಬರ್ಟ್ ಜಾನ್‌ಸ್ಟನ್ ಮೊದಲು ಬೇಕರಿಗಳಿಗಾಗಿ ದೊಡ್ಡ ಯಂತ್ರವನ್ನು ರೂಪಿಸಿದರು. 1919ರಲ್ಲಿ ಅದೇ ಕಂಪನಿ ಅದರ ಚಿಕ್ಕ ರೂಪವನ್ನು ಕಿಚನ್‌ಏಡ್ ಎಂಬ ಹೆಸರಿನಲ್ಲಿ ಮನೆಗಳಿಗೆ ತಂದಿತು. ಸ್ವೀಡನ್ನಿನಿಂದ ವಲಸೆ ಬಂದ ಐವರ್ ಜೆಪ್ಸನ್ ರೂಪಿಸಿದ ಸನ್‌ಬೀಮ್ ಮಿಕ್ಸ್‌ಮಾಸ್ಟರ್ 1930ರಲ್ಲಿ ಮಾರುಕಟ್ಟೆಗೆ ಬಂತು. ಬ್ರಿಟನ್ನಿನ ಕೆನ್ವುಡ್ ಶೆಫ್ ಬಂದದ್ದು 1950ರಲ್ಲಿ. ಇವೆಲ್ಲ ಹೆಸರು ಮಾಡಿದವು.

ಹೆಸರು ಮಾಡದವೂ ಇವೆ. ಶಿಕಾಗೊದ ಡಾರ್ಮೇಯರ್ ಕಂಪನಿಯ ಮಿಕ್ಸರುಗಳು ಒಂದು ಕಾಲಕ್ಕೆ ಎಷ್ಟೋ ಮನೆಗಳಲ್ಲಿದ್ದವು. ಇಂದು ಆ ಹೆಸರು ಹೇಳಿದರೆ ಅಲ್ಲಿಯವರೇ ಹುಬ್ಬೇರಿಸುತ್ತಾರೆ. ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿ 1910ರಲ್ಲಿ ಆರಂಭವಾದ ಹ್ಯಾಮಿಲ್ಟನ್ ಬೀಚ್ ಕಂಪನಿಯ ಹೆಸರು ಉಳಿದಿದೆ, ಆದರೆ ಅದರ ಹಳೆಯ ಸ್ಟ್ಯಾಂಡ್ ಮಿಕ್ಸರುಗಳನ್ನು ಬಲ್ಲವರು ಕಡಿಮೆ. ಹಳೆಯ ವಸ್ತುಗಳನ್ನು ಕೂಡಿಡುವವರಲ್ಲಿ ಕೆಲವರು ಇಂಥವನ್ನೇ ಹುಡುಕುತ್ತಾರೆ. ಶನಿವಾರಗಳಂದು ಮನೆಯಂಗಳದಲ್ಲಿ ಹಳೆ ಸಾಮಾನು ಮಾರುವವರ ಬಳಿ, ಚರ್ಚುಗಳ ಹಳೆ ಸಾಮಾನಿನ ಮಾರಾಟದಲ್ಲಿ, ಸಂತ ವಿನ್ಸೆಂಟ್ ದೆ ಪೌಲ್ ಸಭೆ ನಡೆಸುವ ಅಂಗಡಿಗಳಲ್ಲಿ ಇವು ಕೆಲವೇ ಡಾಲರಿಗೆ ಸಿಗುವುದುಂಟು.

ಹೆಸರಿಲ್ಲದ್ದನ್ನು ಕೂಡಿಡುವ ಪ್ರೀತಿಯಲ್ಲಿ ಒಂದು ಬಗೆಯ ನಿರ್ಮಲತೆ ಇದೆ ಎಂದು ನನಗನಿಸುತ್ತದೆ. ಬೆಲೆ ಏರೀತೆಂಬ ಆಸೆ ಅಲ್ಲಿ ಕಡಿಮೆ. ನೆಂಟರೆದುರು ಹೊಗಳಿಕೆಯೂ ಸಿಗುವುದಿಲ್ಲ. (ಆದರೂ ‘ಯಾರ ಬಳಿಯೂ ಇಲ್ಲದ್ದು ನನ್ನ ಬಳಿ ಇದೆ’ ಎಂಬ ಪುಟ್ಟ ಅಹಂಕಾರ ನುಸುಳದೆ ಇರುವುದಿಲ್ಲ. ಮನುಷ್ಯನ ಅಹಂಕಾರಕ್ಕೆ ಗುಜರಿಯೂ ಸಾಕು!)

ತೊಡಕು ಶುರುವಾಗುವುದು ಯಂತ್ರ ಮನೆಗೆ ಬಂದ ಮೇಲೆ. ಅದನ್ನು ಓಡಿಸಿದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆಯುತ್ತದೆ, ಗೇರಿನ ಹಲ್ಲು ಸವೆಯುತ್ತದೆ. ಕಾರ್ಬನ್ನನ್ನು ಬೇರೆ ಯಂತ್ರದ್ದು ತಂದು ಉಜ್ಜಿ ಅಳತೆಗೆ ಹೊಂದಿಸಬಹುದು. ಗೇರಿಗೆ ಹಾಗೆ ಮಾಡಲಾಗದು. ಡಾರ್ಮೇಯರ್ ಗೇರನ್ನು ಇಂದು ಯಾರೂ ತಯಾರಿಸುವುದಿಲ್ಲ. ಹಾಗೆಂದು ಓಡಿಸದೆ ಇಟ್ಟರೆ ಉಳಿಯುತ್ತದೆಯೇ? ಗೇರುಪೆಟ್ಟಿಗೆಯ ಗ್ರೀಸು ವರ್ಷಗಟ್ಟಲೆ ಅಲುಗಾಡದೆ ನಿಂತು ಮೇಣದಂತೆ ಗಟ್ಟಿಯಾಗುತ್ತದೆ, ವೈರಿನ ಒಳಗಿನ ರಬ್ಬರು ಸೀಳುತ್ತದೆ. ಬಳಸಿದರೂ ಸವೆತ, ಬಳಸದಿದ್ದರೂ ಸವೆತ.

ಅರಿಸ್ಟಾಟಲ್ ತನ್ನ ‘ರಾಜನೀತಿ’ ಗ್ರಂಥದಲ್ಲಿ ಪಾದರಕ್ಷೆಯ ಉದಾಹರಣೆ ಕೊಡುತ್ತಾನೆ. ಅದಕ್ಕೆ ಎರಡು ಉಪಯೋಗ: ಮೆಟ್ಟಿ ನಡೆಯುವುದು, ಕೊಟ್ಟು ಬೇರೊಂದನ್ನು ಪಡೆಯುವುದು. ಮೊದಲನೆಯದೇ ಅದರ ಸ್ವಂತದ ಉಪಯೋಗ ಎನ್ನುತ್ತಾನೆ. ನಮ್ಮ ಕಾಲ ಮೂರನೆಯದೊಂದನ್ನು ಕಂಡುಹಿಡಿದಿದೆ: ನೋಡಲು ಇಡುವುದು. ನಮ್ಮಲ್ಲೂ ಈಗ ಒರಳುಕಲ್ಲು ಅಂಗಳದ ಹೂದೋಟದಲ್ಲಿ ಅಲಂಕಾರಕ್ಕೆ ಕುಳಿತಿಲ್ಲವೇ? ಹಳೆಯ ಮಿಕ್ಸರುಗಳ ಜತೆ ಹಸಿರು ಅಥವಾ ಹಾಲುಬಿಳುಪಿನ ದಪ್ಪ ಗಾಜಿನ ಬಟ್ಟಲುಗಳಿರುತ್ತವೆ. ಯಂತ್ರಕ್ಕಿಂತ ಬಟ್ಟಲಿಗೇ ಹೆಚ್ಚು ಕೊಡುವವರಿದ್ದಾರೆ. ಬಟ್ಟಲನ್ನು ಕಪಾಟಿಗೇರಿಸಿ, ಓಡುವ ಯಂತ್ರವನ್ನು ಗುಜರಿಗೆ ಎಸೆಯುವುದು ನನಗೆ ಒಪ್ಪಿಗೆಯಿಲ್ಲ. ಮೋಟಾರು ಸುಟ್ಟುಹೋದ ಯಂತ್ರದಿಂದ ಗೇರು ತೆಗೆದು ಇನ್ನೊಂದಕ್ಕೆ ಜೀವ ಕೊಡುವುದು ಬೇರೆ ಮಾತು. ಅಲ್ಲಿ ಒಂದು ಸತ್ತು ಇನ್ನೊಂದು ದುಡಿಯುತ್ತದೆ.

ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ವಸ್ತುಗಳನ್ನು ವಿಂಗಡಿಸುವಾಗ ಬಳಸಬೇಕಾದವನ್ನೂ ಆಸ್ವಾದಿಸಬೇಕಾದವನ್ನೂ ಬೇರೆ ಬೇರೆ ಮಾಡುತ್ತಾರೆ. ಬಳಸಬೇಕಾದ್ದನ್ನು ಅದಕ್ಕಾಗಿಯೇ ಆಸ್ವಾದಿಸುತ್ತಾ ನಿಂತರೆ ದಾರಿ ತಪ್ಪುತ್ತೇವೆ ಎಂಬುದು ಅವರ ಎಚ್ಚರಿಕೆ. ಕಪಾಟಿನ ಮುಂದೆ ನಿಂತು ತನ್ನ ಹದಿನೇಳು ಮಿಕ್ಸರುಗಳನ್ನು ಎಣಿಸುವವನಿಗೆ ಈ ಮಾತು ನಾಟಬೇಕು. ಆದರೆ ಅಡುಗೆಮನೆಯಲ್ಲಿ ನಿಂತು ನೋಡಿದರೆ ವಿಂಗಡಣೆ ಅಷ್ಟು ಸುಲಭವಲ್ಲ. ಹಳೆಯ ಮಿಕ್ಸ್‌ಮಾಸ್ಟರಿನಲ್ಲಿ ಬಟ್ಟಲನ್ನು ತಿರುಗಿಸಲು ಬೇರೆ ಮೋಟಾರಿಲ್ಲ. ಬೀಟರಿನ ತುದಿಯ ಗುಂಡಿ ಬಟ್ಟಲಿನ ತಳವನ್ನು ಒತ್ತಿ, ಆ ಉಜ್ಜುವಿಕೆಯಿಂದಲೇ ಬಟ್ಟಲು ತಿರುಗುತ್ತದೆ. ಹಿಟ್ಟು ಗಟ್ಟಿಯಾದರೆ ಬಟ್ಟಲು ನಿಂತೀತು, ಆಗ ಕೈಯಿಂದ ಮೆಲ್ಲಗೆ ನೂಕಬೇಕು. ಸ್ವೀಡನ್ನಿನ ಆಲ್ವರ್ ಲೆನಿಂಗ್ 1940ರಲ್ಲಿ ಎಲೆಕ್ಟ್ರೋಲಕ್ಸಿಗಾಗಿ ರೂಪಿಸಿದ ಅಸಿಸ್ಟೆಂಟ್ ಯಂತ್ರ ಇದಕ್ಕೆ ತದ್ವಿರುದ್ಧ: ಮೋಟಾರು ಕೆಳಗಿದ್ದು ಬಟ್ಟಲನ್ನೇ ತಿರುಗಿಸುತ್ತದೆ, ಹಿಟ್ಟು ರೋಲರಿಗೆ ತಾಗಿ ನಾದಿಸಿಕೊಳ್ಳುತ್ತದೆ. ಒಂದೇ ಕೆಲಸವನ್ನು ಇಬ್ಬರು ಎಷ್ಟು ಬೇರೆಯಾಗಿ ಯೋಚಿಸಿದರು ಎಂಬುದು ಕಪಾಟಿನಲ್ಲಿ ಕಾಣದು, ಹಿಟ್ಟು ಹಾಕಿದಾಗಲೇ ತಿಳಿಯುವುದು. ಇಲ್ಲಿ ಆಸ್ವಾದ ಬಳಕೆಯ ಒಳಗೇ ಇದೆ. ಅಗಸ್ಟೀನರು ಇದನ್ನು ತಪ್ಪೆನ್ನಲಾರರು ಎಂದು ನನ್ನ ನಂಬಿಕೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಬಡವರಿಗೆ ಅಗ್ಗದಲ್ಲಿ ಸಾಮಾನು ಸಿಗಲೆಂದೂ ಇರುವ ಅಂಗಡಿಯಿಂದ ಉಳ್ಳವನೊಬ್ಬ ಇನ್ನೊಂದು ಮಿಕ್ಸರನ್ನು ಒಯ್ಯುವುದು ಸರಿಯೇ? ಹೊಸ ಮಿಕ್ಸರ್ ಕೊಳ್ಳಲಾರದ ತಾಯಿಯೊಬ್ಬಳು ಅದರಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಬ್ರೆಡ್ ಮಾಡಬಹುದಿತ್ತಲ್ಲ? ಅವನ ಹತ್ತಿರ ಉತ್ತರವಿದೆ: “ನಾನು ಕೊಟ್ಟ ಹಣವೂ ಬಡವರ ಸೇವೆಗೇ ಹೋಗುತ್ತದೆ. ಮೇಲಾಗಿ ಆ ಯಂತ್ರ ಕೆಟ್ಟಿತ್ತು, ವೈರು ಸೀಳಿತ್ತು; ನಾನು ಒಯ್ಯದಿದ್ದರೆ ಕಸಕ್ಕೆ ಹೋಗುತ್ತಿತ್ತು.” ಎರಡೂ ನಿಜವಿರಬಹುದು. ಆದ್ದರಿಂದ ಕೊಂಡದ್ದರಲ್ಲಿ ನಾನು ಪಾಪ ಹುಡುಕುವುದಿಲ್ಲ. ಕೊಂಡ ನಂತರ ಅವನು ಏನು ಮಾಡುತ್ತಾನೆ ಎಂಬುದನ್ನು ಕೇಳುತ್ತೇನೆ. ಸಂತ ತೋಮಸ್ ಅಕ್ವಿನಾಸರು ಇಲ್ಲಿ ನೆರವಿಗೆ ಬರುತ್ತಾರೆ. ವಸ್ತುಗಳನ್ನು ಸಂಪಾದಿಸುವ, ನಿರ್ವಹಿಸುವ ಹಕ್ಕು ಒಬ್ಬೊಬ್ಬನಿಗೂ ಇದೆ, ಆದರೆ ಬಳಕೆಯ ವಿಷಯದಲ್ಲಿ ಅವು ಎಲ್ಲರವೆಂಬಂತೆ ಇರಬೇಕು, ಅಗತ್ಯವುಳ್ಳವನಿಗೆ ಕೊಡಲು ಸಿದ್ಧನಿರಬೇಕು ಎನ್ನುತ್ತಾರೆ. ಕೆಟ್ಟ ಯಂತ್ರವನ್ನು ಬಿಚ್ಚಿ, ಹಳೆ ಗ್ರೀಸು ಕೆರೆದು, ಹೊಸ ವೈರು ಹಾಕಿ, ಹೊಸದಾಗಿ ಸಂಸಾರ ಹೂಡುವ ಜೋಡಿಗೆ ಕೊಡುವವನು ಅಂಗಡಿಯಿಂದ ಒಯ್ದದ್ದನ್ನು ಹೆಚ್ಚಿಸಿ ಹಿಂದಿರುಗಿಸಿದಂತೆ. ಹದಿನೇಳನ್ನು ಬೀಗ ಹಾಕಿ ಇಟ್ಟವನ ವಿಷಯ ಹಾಗಲ್ಲ.

ಹಾಗಾದರೆ ಬಳಸದೆ ಇಡುವುದು ಎಂದಿಗೂ ಸಲ್ಲದೇ? ಡಬ್ಬಿ, ಬಿಡಿಭಾಗ, ಪುಸ್ತಿಕೆ ಸಮೇತ ಒಂದೂ ಬಾರಿ ಓಡದೆ ಉಳಿದ ಅಪರೂಪದ ಯಂತ್ರ ಸಿಕ್ಕರೆ ಅದನ್ನು ಹಾಗೆಯೇ ಇರಿಸಲಿ. ಉಳಿದವನ್ನು ದುರಸ್ತಿ ಮಾಡಲು ಅದು ಮಾದರಿ. ಅಂಥದ್ದು ಒಂದು ಸಾಕು. ಹಾಗೆಯೇ ಬಳಕೆ ಎಂದರೆ ಅಪಾಯಕ್ಕೆ ಒಡ್ಡುವುದಲ್ಲ. ಬಟ್ಟೆ ಸುತ್ತಿದ ಹಳೆಯ ವೈರು, ಅರ್ತಿಂಗ್ ಇಲ್ಲದ ಪ್ಲಗ್ಗು, ಒದ್ದೆ ಕೈ: ಇವು ಮೂರೂ ಸೇರುವ ಜಾಗದಲ್ಲಿ ‘ಮೂಲರೂಪ ಕೆಡಬಾರದು’ ಎಂಬ ವಾದ ನಡೆಯದು, ವೈರು ಬದಲಿಸಲೇಬೇಕು. (ಅಲ್ಲಿಂದ ಊರಿಗೆ ತರುವ ಯೋಚನೆಯಿದ್ದರೆ ನೆನಪಿರಲಿ, ಅದು 120 ವೋಲ್ಟಿನ ಯಂತ್ರ. ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಗೋಡೆಗೆ ಚುಚ್ಚಿದರೆ ಮೋಟಾರು ಸುಟ್ಟೀತು.)

ಅಜ್ಜಿಯ ಮಿಕ್ಸರು ಗುಜರಿಗೆ ಹೋಗುವುದು ಸಾಮಾನ್ಯವಾಗಿ ಮೊಮ್ಮಕ್ಕಳ ಕಲ್ಲೆದೆಯಿಂದಲ್ಲ. ಅದನ್ನು ಹೇಗೆ ಓಡಿಸುವುದೆಂದು ಅವರಿಗೆ ಯಾರೂ ತೋರಿಸಿರುವುದಿಲ್ಲ. ನಿಮ್ಮವರ ಮನೆಯಲ್ಲಿ ಅಂಥದ್ದೊಂದು ಇದ್ದರೆ ಹೀಗೆ ಮಾಡಲು ಹೇಳಿ. ಈ ಬಾರಿಯ ಕ್ರಿಸ್ಮಸ್ ಕೇಕಿನ ಬೆಣ್ಣೆ ಸಕ್ಕರೆಯನ್ನು ಮಕ್ಕಳ ಕೈಯಲ್ಲಿ ಅದರಲ್ಲೇ ಕಲಸಲಿ. ಯಾವ ವರ್ಷ ಗ್ರೀಸು ಹಾಕಿದ್ದು, ಯಾವ ಕಾರ್ಬನ್ ಹೊಂದುತ್ತದೆ, ಗೇರನ್ನು ಯಾವ ಯಂತ್ರದಿಂದ ತೆಗೆದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರ ತಳಕ್ಕೆ ಅಂಟಿಸಲಿ. ಬರೆದ ಅಕ್ಷರ ಸ್ವಲ್ಪ ದೊಡ್ಡದಿರಲಿ.