ಹೊರಗಿನಿಂದ ಕರೆಸಿದ ಆಟಗಾರ

ಶಿರ್ವ, ಬೆಳ್ಮಣ್, ಕಟಪಾಡಿ ಕಡೆಯ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳಲ್ಲಿ ದುಡ್ಡು ಕೊಟ್ಟು ಕರೆಸಿದ ಒಬ್ಬಿಬ್ಬರು ಆಟಗಾರರು ಇರುವುದುಂಟು. ಅವರಿಗೆ ತಪ್ಪು ಮಾಡುವ ಅವಕಾಶವೇ ಇಲ್ಲ. ಊರಿನ ಹುಡುಗ ಸರ್ವಿಸನ್ನು ನೆಟ್ಟಿಗೆ ಹೊಡೆದರೆ "ಇರಲಿ ಮಾರಾಯ" ಎನ್ನುತ್ತೇವೆ. ಕರೆಸಿದವನು ಹೊಡೆದರೆ "ಅಷ್ಟು ಕೊಟ್ಟದ್ದು ಇದಕ್ಕಾ?" ಗೆಲ್ಲಿಸಿದರೆ ಆ ರಾತ್ರಿಯ ಮಟ್ಟಿಗೆ ಅವನು ನಮ್ಮವ. ಇಂಥವರನ್ನು ಕಂಡಾಗಲೆಲ್ಲ ನನಗೆ ಕ್ರಿಕೆಟಿಗ ಬುಧಿ ಕುಂದರನ್ ನೆನಪಾಗುತ್ತಾರೆ.

ನಮ್ಮ ಶಿರ್ವದಿಂದ ಪಡುಬಿದ್ರಿ ದಾಟಿದರೆ ಸಿಗುವ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದವರು ಅವರು. ಒಂದೇ ಒಂದು ರಣಜಿ ಪಂದ್ಯ ಆಡದೆ, 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯದೆದುರು ಟೆಸ್ಟ್ ಆಡಲು ಇಳಿದರು. ಆಮೇಲೆ ರೈಲ್ವೇಸ್ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ 205 ಹೊಡೆದರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನೆದುರು 192. ಆ ಸರಣಿಯಲ್ಲಿ ಒಟ್ಟು 525 ರನ್. ವಿಕೆಟ್ ಕೀಪರ್ ಒಬ್ಬನಿಗೆ ಇದು ಇವತ್ತಿಗೂ ದೊಡ್ಡ ಮೊತ್ತವೇ. ಆದರೂ ಕೀಪರನ ಜಾಗ ಇದ್ದದ್ದು ಒಂದೇ, ಅದಕ್ಕೆ ಪೈಪೋಟಿಯಲ್ಲಿ ಫರೂಕ್ ಇಂಜಿನಿಯರ್ ಇದ್ದರು. 1967ರಲ್ಲಿ ಎಜ್‌ಬಾಸ್ಟನ್ನಿನಲ್ಲಿ ಆಡಿದ ತಮ್ಮ ಕೊನೆಯ ಟೆಸ್ಟಿನಲ್ಲಿ ಕುಂದರನ್ ಕೈಯಲ್ಲಿದ್ದದ್ದು ಹೊಸ ಚೆಂಡು. ಕೀಪರನಾಗಿ ಹೆಸರು ಮಾಡಿದವರು ಅಲ್ಲಿ ಬೌಲಿಂಗ್ ಆರಂಭಿಸಿದರು! ಅಲ್ಲಿಗೆ 18 ಟೆಸ್ಟ್, 981 ರನ್. ನಮ್ಮ ಕಡೆಯವರು ಅವರ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಆಡುವುದೇ ಅವರ ಕೆಲಸವಾದದ್ದು ಆಮೇಲೆ. ಅವರು ಸ್ಕಾಟ್ಲೆಂಡಿಗೆ ಹೋಗಿ, ಗ್ಲಾಸ್ಗೋ ಹತ್ತಿರದ ಕೋಟ್‌ಬ್ರಿಜ್‌ನ ಡ್ರಂಪೆಲಿಯರ್ ಕ್ಲಬ್ಬಿನಲ್ಲಿ ಸಂಬಳದ ಆಟಗಾರರಾಗಿ ನಿಂತರು. ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು. ಅಂಥ ಕ್ಲಬ್ಬುಗಳಲ್ಲಿ ಮಿಕ್ಕವರು ವಾರವಿಡೀ ಬೇರೆ ದುಡಿಮೆ ಮಾಡಿ ಶನಿವಾರ ಖುಷಿಗೆ ಆಡುವವರು. ಸಂಬಳದವನಿಗೆ ಆ ಶನಿವಾರವೇ ದುಡಿಮೆ. ರನ್ ಅವನೇ ಹೊಡೆಯಬೇಕು, ಎಳೆಯರಿಗೆ ಅವನೇ ಕಲಿಸಬೇಕು. ಮದ್ರಾಸಿನ 192ರ ಹೆಸರು ಮೊದಲ ಕೆಲವು ವಾರ ನೆರವಾಗಿದ್ದೀತು. ಅದರಾಚೆಗೆ ಪ್ರತಿ ಶನಿವಾರ ಹೊಸದಾಗಿ ಸಾಬೀತು ಮಾಡಬೇಕು.

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಬದುಕೂ ಹೀಗೆಯೇ. ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಇರುವುದು 30 ತಂಡ. ತಂಡಕ್ಕೆ 15 ಕಾಯಂ ಜಾಗವೆಂದರೂ 450. ಕಾಲೇಜು ಮುಗಿಸಿ ಬರುವ ಸಾವಿರಾರು ಜನರಲ್ಲಿ ಮಿಕ್ಕ ಹಲವರು ಇಟಲಿ, ಟರ್ಕಿ, ಫಿಲಿಪ್ಪೀನ್ಸ್ ಎಂದು ಹೊರಡುತ್ತಾರೆ. ಅಲ್ಲಿಯೂ ವಿದೇಶಿಯರಿಗೆ ಮಿತಿಯಿದೆ. ಹಾಗಾಗಿ ಸಿಕ್ಕ ಕೆಲವೇ ಜಾಗಗಳಲ್ಲಿ ನಿಂತವನ ಮೇಲೆ ಇಡೀ ತಂಡದ ನಿರೀಕ್ಷೆ. ತವರಿನಲ್ಲಿ ಮಾತ್ರ ಅವನು "ಎನ್‌ಬಿಎಗೆ ಏರದವ".

ತವರಿನವರ ಈ ಅಳತೆ ನನಗೆ ಒಪ್ಪಿಗೆಯಿಲ್ಲ. ಶಿರ್ವದಲ್ಲಿ ಕುಳಿತು ಒಪ್ಪುವುದಂತೂ ಸಾಧ್ಯವೇ ಇಲ್ಲ. ಇಲ್ಲಿ ಮುಂಬಯಿಗೋ ದುಬೈಗೋ ಕುವೈತಿಗೋ ಒಬ್ಬರನ್ನಾದರೂ ಕಳಿಸದ ಮನೆ ಅಪರೂಪ. ರಜೆಯಲ್ಲಿ ಬಂದವರನ್ನು "ಯಾವಾಗ ಬಂದದ್ದು? ಯಾವಾಗ ಹೊರಡುವುದು?" ಎಂದು ಕೇಳುತ್ತೇವೆ, ಕಟ್ಟಿದ ಮನೆ ನೋಡುತ್ತೇವೆ. ಅಲ್ಲಿ ಅವರು ಏನು ಮಾಡುತ್ತಾರೆ, ಯಾವ ಕೆಲಸಕ್ಕೆ ಅವರನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ಕೇಳಿದ್ದು ನಾನು ಕಂಡಿಲ್ಲ. ದೂರದಲ್ಲಿ ಕಳೆದ ವರ್ಷಗಳು ನಮ್ಮ ಲೆಕ್ಕದಲ್ಲಿ ಬರೀ ಗೈರುಹಾಜರಿ. ಹೋದವರಿಗೆ ಅವೇ ಬದುಕಿನ ಮುಕ್ಕಾಲು ಪಾಲು. ಆ ಮುಕ್ಕಾಲು ಪಾಲಿನಲ್ಲೇ ಮನುಷ್ಯ ತನ್ನ ಕಸುಬಿನಲ್ಲಿ ಪಳಗುತ್ತಾನೆ ಎಂದು ಈಚೆಗೆ ನನಗೆ ಬಲವಾಗಿ ಅನ್ನಿಸುತ್ತಿದೆ.

ಕುಂದರನ್ ಹಾಗೆಯೇ ಫರೂಕ್ ಇಂಜಿನಿಯರ್ ಕೂಡ ಹೊರಗೆ ಹೋದವರು; ಲ್ಯಾಂಕಶೈರ್ ಕೌಂಟಿ ಸೇರಿ ಇಂಗ್ಲೆಂಡಿನಲ್ಲೇ ನೆಲೆಸಿದರು. ಒಂದು ಜಾಗಕ್ಕೆ ಪೈಪೋಟಿ ನಡೆಸಿದ ಇಬ್ಬರಿಗೂ ಅನ್ನ ಕೊಟ್ಟದ್ದು ಒಂದೇ ದ್ವೀಪ. ಕುಂದರನ್ 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಮೂಲ್ಕಿಯ ಮಕ್ಕಳಿಗೆ, ಶಿರ್ವದ ಮಕ್ಕಳಿಗೆ ಅವರ ಬಗ್ಗೆ ಹೇಳುವವರು 192ರ ಜೊತೆಗೆ ಡ್ರಂಪೆಲಿಯರಿನ ಶನಿವಾರಗಳನ್ನೂ ಹೇಳಬೇಕು, ಅಷ್ಟೇ ಹೆಮ್ಮೆಯಿಂದ.