ಅಂಗಳಕ್ಕೆ ಬಂದ ಬೆಟ್ಟ

ಮನೆ ಕಟ್ಟಿ ಮುಗಿಸಿ, ಕಾಂಪೌಂಡಿನೊಳಗೆ ನಾಲ್ಕು ಗಿಡ ನೆಡಲು ಹೊರಟವರನ್ನು ಗಮನಿಸಿ ನೋಡಿ. ಕರಾವಳಿಯವರು ಮೊದಲು ಬಸಳೆ ಚಪ್ಪರಕ್ಕೆ ಜಾಗ ಹುಡುಕುತ್ತಾರೆ. ಬಯಲುಸೀಮೆಯವರಿಗೆ ಬೇವಿನ ನೆರಳು ಬೇಕು. ನನ್ನಂಥ ಮಲೆನಾಡಿನವರಿಗೆ ಪಾಚಿ ಹಿಡಿದ ಕಲ್ಲು, ಜರಿಗಿಡ, ಎಲ್ಲೋ ಒಂದು ಕಡೆ ನೀರು ಹರಿಯುವ ಸದ್ದು ಇಲ್ಲದಿದ್ದರೆ ಅದು ಅಂಗಳವೆನಿಸುವುದೇ ಇಲ್ಲ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿದ ಜಾಗಗಳೇ ನಮ್ಮ ಕೈತೋಟದ ನಕ್ಷೆ ಬರೆಯುತ್ತವೆ. ಅದರಲ್ಲಿ ತಪ್ಪೇನಿದೆ ಎಂದೇ ನಾನೂ ತಿಳಿದಿದ್ದೆ.

ನಮ್ಮದು ಮೂವತ್ತು–ನಲವತ್ತರ ನಿವೇಶನ. ಮೂಲೆಯಲ್ಲಿ ಮೊದಲೇ ಇದ್ದ ಒಂದು ಮಾವಿನ ಮರ. ಮನೆಯ ಮುಂದೆ ಉಳಿದ ಹತ್ತಡಿ ಜಾಗದಲ್ಲಿ ಊರಿನ ಹಳ್ಳವನ್ನು ನೆನೆದು ಸಿಮೆಂಟಿನ ಪುಟ್ಟ ಕಾಲುವೆ ಮಾಡಿಸಿ ಮೋಟಾರು ಕೂರಿಸಿದೆ. ಬೇಸಿಗೆಯಲ್ಲಿ ಊರಿಗೆ ಹೋದಾಗ ಬೆಟ್ಟದ ಮರವೊಂದರಿಂದ ಸೀತಾಳೆ ದಂಡೆಯ ಗಿಡವನ್ನು ಬೇರು ಸಮೇತ ಬಿಡಿಸಿಕೊಂಡು ಬಂದು ಮಾವಿನ ಕೊಂಬೆಗೆ ಕಟ್ಟಿದೆ. ಬಂದವರೆಲ್ಲ ಹೊಗಳಿದರು. ಹೊಗಳಿಕೆ ನನಗೆ ಹಿತವಾಗಿಯೇ ಇತ್ತು.

ಒಂದು ದಿನ ಏಳು ವರ್ಷದ ಮಗ ಆ ಗಿಡದ ಎಲೆ ಕಿತ್ತ. ನಾನು ಕೈ ಎತ್ತಿದೆ. ಜಗಲಿಯಲ್ಲಿ ಕುಳಿತಿದ್ದ ಅಮ್ಮ ಕೇಳಿದರು: "ನೀನು ಇಡೀ ಗಿಡವನ್ನೇ ಕಿತ್ಕೊಂಡು ಬಂದೆಯಲ್ಲ ಮಗಾ, ನಿನಗೆ ಯಾರು ಹೊಡೆದರು?"

ಉತ್ತರ ಇರಲಿಲ್ಲ. ಸೀತಾಳೆಯ ಬೇರು ಮರದ ರಸ ಹೀರುವುದಿಲ್ಲ. ತೊಗಟೆಯನ್ನು ಹಿಡಿದುಕೊಂಡು ಮಳೆ, ಮಂಜಿನ ನೀರು ಕುಡಿದು ಬದುಕುತ್ತದೆ. ಅದರ ಬೀಜ ಧೂಳಿನಷ್ಟು ಸಣ್ಣದು. ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರವಿಲ್ಲದ ಕಾರಣ ತಕ್ಕ ಶಿಲೀಂಧ್ರದ ನೆರವು ಸಿಕ್ಕಿದರೆ ಮಾತ್ರ ಅದು ಮೊಳೆಯಬಲ್ಲದು. ಆಮೇಲೆ ಹೂ ಬಿಡಲು ಎಷ್ಟೋ ವರ್ಷ. ಅಷ್ಟು ಕಾಲದ ಬಾಳನ್ನು ನಾನು ಐದು ನಿಮಿಷದಲ್ಲಿ ಚೀಲಕ್ಕೆ ತುಂಬಿಕೊಂಡಿದ್ದೆ. ನನ್ನ ಬಾಲ್ಯದ ಬೆಟ್ಟ, ಹಾಗಾಗಿ ನನ್ನದೇ ಗಿಡ ಎಂಬ ಧೈರ್ಯ. ಕಾಡಿನ ಕಾನೂನೂ ಇದನ್ನು ಒಪ್ಪುವುದಿಲ್ಲ, ಆ ಮಾತು ಬೇರೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಆ ಹಳ್ಳದಲ್ಲಿ ನಾನು ಕಲ್ಲೆತ್ತಿ ಏಡಿ ಹಿಡಿದವನು. ಕವಳಿ ಹಣ್ಣಿಗಾಗಿ ಮುಳ್ಳಿನಲ್ಲಿ ನುಗ್ಗಿ ಅಂಗಿ ಹರಿದುಕೊಂಡವನು. ನನ್ನ ಅಂಗಳದ ಹಳ್ಳಕ್ಕೆ ಮಾತ್ರ ಮಗ ಕಾಲಿಡುವಂತಿಲ್ಲ. ಪಾಚಿ ಜಾರುತ್ತದೆ, ಜರಿಗಿಡ ಮುರಿಯುತ್ತದೆ, ಮೋಟಾರಿಗೆ ಕಸ ಸೇರುತ್ತದೆ! ನನ್ನ ಬಾಲ್ಯದ ಚಿತ್ರ ಬಿಡಿಸಲು ಹೋಗಿ ಅವನ ಬಾಲ್ಯಕ್ಕೆ ಬೇಲಿ ಹಾಕಿದ್ದೆ. ಮುಂದೆ ಅವನೊಂದು ಮನೆ ಕಟ್ಟಿದಾಗ, ಅಂಗಳದಲ್ಲಿ ಏನು ನೆಡಬೇಕೆಂದು ಅವನಿಗೆ ಯಾವ ನೆನಪು ಹೇಳೀತು?

ಮಕ್ಕಳು ಮುಟ್ಟಿದ್ದೆಲ್ಲ ಮುರಿಯಲಿ ಎಂದು ನನ್ನ ವಾದವಲ್ಲ. ಗಿಡಕ್ಕೂ ನೋವಾಗಬಾರದೆಂಬುದನ್ನು ಅವರು ಕಲಿಯಲೇಬೇಕು. ಆದರೆ ಕಲಿಸುವವನ ಕೈ ಮೊದಲು ಶುದ್ಧವಿರಬೇಕಷ್ಟೆ.

ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಏನೂ ನೆಡದೆ, ಕಾಡುಹೂಗಳು ತಾವಾಗಿ ಬೆಳೆಯಲೆಂದು ಬಿಡಿಸುತ್ತಿದ್ದರಂತೆ. ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ ಇದನ್ನು ನೆನೆದಿದ್ದಾರೆ. ಎಕರೆಗಟ್ಟಲೆ ಜಾಗ ಇದ್ದವರಿಗೆ ಅದು ಸುಲಭ ಎನ್ನಬಹುದು. ಹತ್ತಡಿಯಲ್ಲೂ ಮೂರಡಿ ಬಿಡಬಹುದೆಂದು ನನಗೆ ಈಗ ಗೊತ್ತಾಗಿದೆ.

ಮೋಟಾರು ಬಿಚ್ಚಿಸಿದೆ. ಕಾಲುವೆಯ ಸಿಮೆಂಟು ಒಡೆದ ಜಾಗದಲ್ಲಿ ಮಗ ಗುಂಡಿ ತೋಡಿದ್ದಾನೆ. ಮಳೆಗೆ ನೀರು ನಿಂತು, ಎಲ್ಲಿಂದಲೋ ಒಂದು ಕಪ್ಪೆ ಬಂದಿದೆ. ಇಡೀ ಅಂಗಳ ಈಗ ಕೆಸರು, ಹೊಗಳುವವರು ಕಡಿಮೆ. ಸೀತಾಳೆಯನ್ನು ಬೆಟ್ಟಕ್ಕೇ ಒಯ್ದು ಕಟ್ಟೋಣವೆಂದು ಏಣಿ ಹತ್ತಿದೆ. ಬೇರುಗಳು ಆಗಲೇ ಮಾವಿನ ತೊಗಟೆಗೆ ಅಂಟಿದ್ದವು; ಬಿಡಿಸಿದರೆ ಎರಡನೆಯ ಸಲ ಕಿತ್ತಂತೆ. ಇಳಿದು ಬಂದೆ. ಕಳೆದ ಮೇ ತಿಂಗಳಲ್ಲಿ ಅದು ಹೂ ಬಿಡಲಿಲ್ಲ.