ಬಡಗಿಗೆ ಮರ ಸಿಗದ ದಿನ

‘ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ’ ಎಂಬ ಗಾದೆಯನ್ನು ನಾವು ಬಳಸುವುದು ಬೇಡದ ಉಸಾಬರಿಗೆ ಹೋಗುವವರನ್ನು ಗೇಲಿ ಮಾಡಲು. ನಗುವೆಲ್ಲ ಬಡಗಿಯ ಪಾಲಾಗುತ್ತದೆ, ಮಗುವಿನ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ಮಗುವಿನ ಕಡೆಯಿಂದ ಓದಿದರೆ ಈ ಗಾದೆ ಮಳೆಗಾಲಕ್ಕೆಂದೇ ಹುಟ್ಟಿದಂತಿದೆ. ಈ ಬಡಗಿ ಸೋಮಾರಿಯೂ ಅಲ್ಲ, ಕೆಟ್ಟವನೂ ಅಲ್ಲ. ಉಳಿ ಹರಿತವಾಗಿದೆ, ಕೈ ಪಳಗಿದೆ, ಮರ ಸಿಕ್ಕಿಲ್ಲ, ಅಷ್ಟೇ. ಉಡುಪಿಯಲ್ಲೋ ಕೊಡಗಿನಲ್ಲೋ ಮಳೆ ಜೋರಾಗಿ, ಜಿಲ್ಲಾಧಿಕಾರಿ ಅಂಗನವಾಡಿಗಳಿಗೂ ರಜೆ ಸಾರಿದ ದಿನ ಮನೆಯೊಳಗಿನ ಹಿರಿಯರ ಪಾಡೂ ಇದೇ. ಬಣ್ಣದ ಕಾಗದ ಬರುತ್ತದೆ, ಅಂಟು ಬರುತ್ತದೆ, ಹಿಂದೆಯೇ ‘ಹಾಗಲ್ಲ, ಹೀಗೆ ಕತ್ತರಿಸು’ ಎಂಬ ಮಾತೂ ಬರುತ್ತದೆ. ನೋಡನೋಡುತ್ತ ಮಗುವಿನ ಆಟ ಅಪ್ಪ ಅಮ್ಮನ ಕೆಲಸವಾಗಿರುತ್ತದೆ. ಆ ದಿನ ಮರದ ತುಂಡು ಸಿಗಬೇಕಾದದ್ದು ಮಗುವಿನ ಕೈಗೆ ಎಂಬುದು ನನ್ನ ವಾದ.

ಮೂರು ವರ್ಷ ದಾಟಿದ ಮಗುವಿನ ಮುಂದೆ ಅಗಲವಾದ ಹರಿವಾಣದಲ್ಲಿ ಎರಡು ಹಿಡಿ ರಾಗಿ ಹರಡಿ, ಒಂದಿಷ್ಟು ಅವರೆಕಾಳು ಬೆರೆಸಿ, ಲೋಟ ಮತ್ತು ಜಾಲರಿ ಸೌಟು ಇಟ್ಟು ಸುಮ್ಮನಿರಿ. ಬೆರಳಾಡಿಸಿದರೆ ಗೆರೆ ಮೂಡುತ್ತದೆ, ಹರಿವಾಣ ಅಲುಗಿಸಿದರೆ ಅಳಿಯುತ್ತದೆ. ಸೌಟಿನಲ್ಲಿ ಎತ್ತಿದರೆ ರಾಗಿ ಸೋರಿ ಅವರೆ ಉಳಿಯುತ್ತದೆ. ಯಾರೂ ಹೇಳಿಕೊಡದೆ ಮಗು ಇದನ್ನೇ ಮತ್ತೆ ಮತ್ತೆ ಮಾಡಿ ನೋಡುತ್ತದೆ. ಬ್ರಿಟಿಷ್ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲಿ ಬರೆದ ಲೇಖನವೊಂದರ ತಿರುಳೂ ಇದೇ: ಸುತ್ತಲೂ ಬದಲಾಯಿಸಿ ನೋಡಬಹುದಾದ ವಸ್ತುಗಳು ಹೆಚ್ಚಿದ್ದಷ್ಟೂ ಹೊಸದನ್ನು ಹುಟ್ಟಿಸುವ ಸಾಧ್ಯತೆ ಹೆಚ್ಚು. ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಗೆ ಹೊರತೆಗೆಯುವ ಚೆನ್ನೆಮಣೆಯಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ನಾಲ್ಕರ ಮಗುವಿಗೆ ಸೋಲು ಗೆಲುವಿನ ಲೆಕ್ಕ ಹತ್ತದು. ಗುಳಿಗೊಂದು ಕಾಯಿ ಬಿಡುತ್ತ ಹೋಗುವುದೇ ಅದಕ್ಕೆ ಆಟ. ಅಲ್ಲಿಗೆ ನಿಯಮ ಕಲಿಸಲು ಧಾವಿಸುವವರ ಕೈಯಲ್ಲಿ ಉಳಿ ಇದೆ ಎಂದೇ ತಿಳಿಯಬೇಕು.

ಹಾಗಾದರೆ ಮಗುವನ್ನು ಅದರ ಪಾಡಿಗೆ ಬಿಟ್ಟು ಎದ್ದುಹೋಗುವುದೇ? ಕಾಳನ್ನು ಮೂಗಿಗೆ ತುರುಕಿಕೊಳ್ಳುವ ವಯಸ್ಸದು. ಅಂದದ ಗುಲಗಂಜಿಯಂತೂ ವಿಷ, ಆಟದ ಹತ್ತಿರವೂ ಸುಳಿಯಬಾರದು. ಹಿರಿಯರು ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಲೋ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಲೋ ಕಣ್ಣಿಟ್ಟಿರಲಿ. ಬಡಗಿಗೂ ಒಂದು ಕೆಲಸ ಸಿಕ್ಕಂತಾಯಿತು. ಬೇಸರವಾದರೆ ಮಗು ಮೊಬೈಲ್ ಕೇಳುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೂರು-ನಾಲ್ಕರ ಮಕ್ಕಳು ದಿನಕ್ಕೆ ಮೂರು ಗಂಟೆಯಾದರೂ ಮೈ ಆಡಿಸಬೇಕು, ಅದರಲ್ಲೊಂದು ಗಂಟೆ ಏದುಸಿರು ಬರುವಷ್ಟು ಆಡಬೇಕು ಎಂದೂ ಹೇಳಿದೆ. ಇಲ್ಲಿ ರಾಗಿ ಸಾಲದು, ನನ್ನ ವಾದವೂ ಸ್ವಲ್ಪ ಬಾಗಬೇಕು. ಕಣ್ಣಾಮುಚ್ಚಾಲೆಗೆ ಜೊತೆ ಬೇಕೇ ಬೇಕು. ದಿಂಬಿನಿಂದ ದಿಂಬಿಗೆ ಹಾರುವಾಗ, ಕುರ್ಚಿಗಳ ನಡುವೆ ಕಟ್ಟಿದ ದಾರದಡಿ ನುಸುಳುವಾಗ ದೊಡ್ಡವರೂ ನೆಲಕ್ಕಿಳಿಯಬೇಕು, ಮಗು ಹಾಕಿದ ನಿಯಮಕ್ಕೆ ಒಪ್ಪಿ. ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರು ತಕರಾರು ತೆಗೆದರೆ ಅದೂ ನ್ಯಾಯವೇ. ಹಾರಾಟಕ್ಕೆ ಹಾಸಿಗೆಯನ್ನೇ ನೆಲಕ್ಕೆ ಎಳೆದುಕೊಂಡು, ಅವರು ಮಧ್ಯಾಹ್ನ ಮಲಗುವ ಹೊತ್ತು ತಪ್ಪಿಸಿದರೆ ಸಾಕು.